'ಇಲ್ಲಿ ಏನೂ ಇರಲಿಲ್ಲ' ಎನ್ನಬೇಡಿ

ನೆರೂಲ್‌ನ ಓದುಗರೊಬ್ಬರ ಪತ್ರ: "ನಾವು 1993ರಲ್ಲಿ ಬಂದಾಗ ಇಲ್ಲಿ ಜೌಗು ಬಿಟ್ಟರೆ ಏನೂ ಇರಲಿಲ್ಲ. ಇಂದು ನವಿಮುಂಬಯಿ ಸಿರಿವಂತರ ನಗರ. ಶೂನ್ಯದಿಂದ ಎದ್ದ ಈ ಊರಿನ ಬಗ್ಗೆ ನೀವೇಕೆ ಬರೆಯುವುದಿಲ್ಲ? ನನಗೆ ಮರಾಠಿ ಬರುತ್ತದೆ, ಬಿಡುವೂ ಇದೆ."

ಸಂಪಾದಕರ ಉತ್ತರ:

ಮಾನ್ಯರೇ, ಊರಿನ ಮೇಲಿನ ನಿಮ್ಮ ಅಭಿಮಾನ ನನಗೂ ಇದೆ. 'ಏನೂ ಇರಲಿಲ್ಲ' ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಸೀವುಡ್ಸ್ ನಿಲ್ದಾಣದ ಫಲಕವನ್ನು ಒಮ್ಮೆ ಪೂರ್ತಿ ಓದಿ. ಪಕ್ಕದಲ್ಲೇ ದಾರಾವೆ ಎಂದಿದೆ. ಅದು ಹಳ್ಳಿಯ ಹೆಸರು. ತುರ್ಭೆ, ಸಾನಪಾಡಾ, ಘನ್ಸೋಲಿ, ನಿಮ್ಮ ನೆರೂಲ್ ಕೂಡ ಹಳ್ಳಿಗಳೇ. ನವಿಮುಂಬಯಿ ಯೋಜನೆಗೆ ಸೇರಿದ 95 ಹಳ್ಳಿಗಳಲ್ಲಿ ಆಗ್ರಿ ಮತ್ತು ಕೋಲಿ ಜನ ಭತ್ತ ಬೆಳೆದು, ಉಪ್ಪು ತೆಗೆದು, ಖಾಡಿಯಲ್ಲಿ, ಅಂದರೆ ಒಳಚಾಚಿದ ಕಡಲ ತೋಳಿನಲ್ಲಿ, ಬಲೆ ಬೀಸಿ ಬದುಕುತ್ತಿದ್ದರು.

ಯೋಜನೆಯ ಹಿಂದಿನ ಆಲೋಚನೆ ದೊಡ್ಡದೇ. ದಕ್ಷಿಣದ ಕಚೇರಿಗಳತ್ತ ಬೆಳಗಾದರೆ ಇಡೀ ಮುಂಬಯಿ ನುಗ್ಗುತ್ತಿತ್ತು. ಬೆಳವಣಿಗೆಯನ್ನು ಖಾಡಿಯಾಚೆ ಪೂರ್ವಕ್ಕೆ ತಿರುಗಿಸಬೇಕೆಂದು 1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ ಪ್ರತಿಪಾದಿಸಿದರು. 1970ರಲ್ಲಿ ಹೊಸ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿತು, 1973ರಲ್ಲಿ ವಾಶಿ ಸೇತುವೆ ತೆರೆಯಿತು. ರೈಲು ವಾಶಿ ತಲುಪಿದ್ದು ಮಾತ್ರ 1992ರಲ್ಲಿ! ಅಷ್ಟು ವರ್ಷ ಬಸ್ಸನ್ನೇ ನೆಚ್ಚಿಕೊಂಡು ಇಲ್ಲಿ ನೆಲೆನಿಂತ ನಮ್ಮ ಹೋಟೆಲಿನವರ, ಗುಮಾಸ್ತರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ನೀವು ಬಂದದ್ದು ರೈಲಿನ ಬೆನ್ನಿಗೇ.

ಈ ನಡುವೆ ನೆಲ ಬಿಟ್ಟುಕೊಟ್ಟವರ ಪಾಡೇನು? ಸಿಕ್ಕ ಪರಿಹಾರ ಸಾಲದೆಂದು ಡಿ.ಬಿ. ಪಾಟೀಲರ ಮುಂದಾಳತ್ವದಲ್ಲಿ ರೈತರು ಬೀದಿಗಿಳಿದರು. 1984ರ ಜನವರಿಯಲ್ಲಿ ಉರಣದ ಜಾಸಯಿ ಪರಿಸರದಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ವಶಪಡಿಸಿಕೊಂಡ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ರೈತರಿಗೇ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದಿಂದ. ಇಲ್ಲಿ ಮನೆ ಕೊಳ್ಳುವವರ ಬಾಯಲ್ಲಿ 'ಸಾಡೇ ಬಾರಾ ಟಕ್ಕೆ' (ಹನ್ನೆರಡೂವರೆ ಶೇಕಡಾ) ನಿವೇಶನ ಎಂಬ ಮಾತು ಸಲೀಸಾಗಿ ಓಡಾಡುತ್ತದೆ. ಅದರ ಬೆಲೆ ತೆತ್ತವರ ನೆನಪು ಯಾರಿಗೂ ಇಲ್ಲವೆಂಬುದೇ ನನ್ನ ಸಂಕಟ.

ಕಳೆದ ತಿಂಗಳು ಬೇಲಾಪುರದ ದಿವಾಳೆಗೆ ಹೋಗಿದ್ದೆ. ಬಾಗಿಲಲ್ಲಿ ಕಾಲು ಚಾಚಿ ಕುಳಿತ ಮುದುಕರೊಬ್ಬರು ಬಲೆಯ ಹರುಕನ್ನು ಕಾಲ್ಬೆರಳಿಗೆ ಸಿಕ್ಕಿಸಿ, ನೈಲಾನ್ ದಾರದಿಂದ ಕಣ್ಣು ಕಣ್ಣಾಗಿ ಹೆಣೆಯುತ್ತಿದ್ದರು. "ನಮ್ಮ ಗದ್ದೆ ಅಲ್ಲಿತ್ತು" ಎಂದು ಅವರು ಕೈ ತೋರಿಸಿದತ್ತ ನೋಡಿದರೆ ಬಹುಮಹಡಿ ಕಟ್ಟಡ.

ನಿಮಗೆ ಮರಾಠಿ ಬರುತ್ತದೆ, ಬಿಡುವೂ ಇದೆ ಎಂದು ಬರೆದಿದ್ದೀರಿ. ನೆರೂಲ್‌ನ ಹಳ್ಳಿಯ ಹಿರಿಯರನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸಿದ್ದೇನೆ.