ಅತ್ತೆಯ ಹೇಳಿಕೆ ಅತ್ತೆಯೇ ಹೇಳಲಿ

ಪ್ರಶ್ನೆ: ನಮ್ಮ ಅತ್ತೆಗೆ 76 ವರ್ಷ. ಹೋದ ವಾರ ಬೆಳಿಗ್ಗೆ ರಂಗೋಲಿ ಹಾಕುವಾಗ ಬೈಕಿನಲ್ಲಿ ಬಂದ ಇಬ್ಬರು ಸರ ಕಿತ್ತುಕೊಂಡು ಹೋದರು. ದೂರು ಕೊಟ್ಟಿದ್ದೇವೆ. ಈಗ ಹೇಳಿಕೆಗೆ ಠಾಣೆಗೆ ಕರೆದುಕೊಂಡು ಬನ್ನಿ ಅನ್ನುತ್ತಿದ್ದಾರೆ. ಅತ್ತೆಗೆ ಮಂಡಿನೋವು, ಕಿವಿಯೂ ಮಂದ. ಒಮ್ಮೆ ಕೆಂಪು ಬೈಕ್ ಅಂತಾರೆ, ಇನ್ನೊಮ್ಮೆ ಗೊತ್ತಿಲ್ಲ ಅಂತಾರೆ. ಏನು ಹೇಳಬೇಕೆಂದು ಮೊದಲೇ ಹೇಳಿಕೊಡಲೇ?
– ಒಬ್ಬ ಸೊಸೆ, ತುಮಕೂರು

ಉತ್ತರ (ನಿವೃತ್ತ ಮಹಿಳಾ ಸಬ್ ಇನ್‌ಸ್ಪೆಕ್ಟರ್): ಬೇಡಮ್ಮ, ಹೇಳಿಕೊಡಲೇಬೇಡಿ. ಠಾಣೆಗೂ ಹೋಗಬೇಕಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಇದೆ. ಸಾಕ್ಷಿ ಹೆಂಗಸಾಗಿದ್ದರೆ, ವಯಸ್ಸು ಎಷ್ಟೇ ಇರಲಿ, ಪೊಲೀಸರೇ ಮನೆಗೆ ಬಂದು ವಿಚಾರಿಸಬೇಕು. 60 ದಾಟಿದ ಗಂಡಸರಿಗೂ ಹಾಗೇ. ಅವರಾಗಿಯೇ ಬರುತ್ತೇನೆ ಅಂದರೆ ಮಾತ್ರ ಠಾಣೆ. ತನಿಖಾಧಿಕಾರಿಗೆ ಫೋನ್ ಮಾಡಿ ಹೇಳಿ, ಜಗಳ ಬೇಡ.

ಇನ್ನು ಬೈಕಿನ ಬಣ್ಣ. ಕೆಂಪು ಅಂತ ಅತ್ತೆ ತಾವಾಗಿಯೇ ಅಂದರಾ, ಇಲ್ಲಾ ಮನೆಯವರು ಯಾರಾದರೂ "ಕೆಂಪು ಬೈಕ್ ಅಲ್ವಾ ಅಮ್ಮ?" ಅಂದರಾ? ನಾನು ಕಂಡ ಗೊಂದಲ ಜಾಸ್ತಿ ಹುಟ್ಟುವುದೇ ಇಲ್ಲಿ. ವಯಸ್ಸಾದವರಲ್ಲಿ ಕಣ್ಣಾರೆ ಕಂಡದ್ದೂ ಆಮೇಲೆ ಕಿವಿಗೆ ಬಿದ್ದದ್ದೂ ಬೇಗ ಬೆರೆತುಹೋಗುತ್ತವೆ. ಯಾರೂ ಬಾಯಿ ಹಾಕದೆ ಬಿಟ್ಟರೆ ಅವರು ಹೇಳುವುದು ಕಮ್ಮಿ ಇರಬಹುದು, ಆದರೆ ಅದು ಬಹುಪಾಲು ಸರಿಯಾಗಿಯೇ ಇರುತ್ತದೆ.

ಸರ್ವೀಸಿನಲ್ಲಿದ್ದಾಗ ಇಂಥದ್ದೇ ಒಂದು ಕೇಸು. ನಮ್ಮ ಪೇದೆ "ನಂಬರ್ ಏನು? ಹೆಲ್ಮೆಟ್ ಇತ್ತಾ?" ಅಂತ ಒಂದೇ ಸಮ ಕೇಳುತ್ತಿದ್ದ. ಅಜ್ಜಿ ಎಲ್ಲಕ್ಕೂ "ಗೊತ್ತಿಲ್ಲಪ್ಪ" ಅನ್ನುತ್ತಿದ್ದರು. ನಾನು ಪಕ್ಕ ಕೂತು "ಎದ್ದಾಗಿನಿಂದ ಹೇಳಿ ಅಜ್ಜಿ" ಅಂದೆ. ಬಚ್ಚಲೊಲೆಗೆ ಉರಿ ಹಾಕಿದ್ದು, ಹಾಲಿನವನು ತಡ ಮಾಡಿದ್ದು, ಸೊಸೆಯ ಮೇಲಿನ ಒಂದೆರಡು ದೂರು ಎಲ್ಲಾ ಬಂತು! ಮಧ್ಯದಲ್ಲಿ ತಟ್ಟನೆ, "ಹಿಂದೆ ಕೂತವನು ದೇವಸ್ಥಾನ ಎಲ್ಲಿ ಅಂತ ಕೇಳಿದ, ಪಾಪ ತೊದಲುತ್ತಿದ್ದ" ಅಂದರು. ಪೇದೆ ಪೆನ್ನು ಹುಡುಕಿದ.

ಬೆಳಿಗ್ಗೆ ತಿಂಡಿಯಾದ ಮೇಲೆ ಬರಲು ಹೇಳಿ. ಟಿವಿ ಆಫ್ ಮಾಡಿ. ಕನ್ನಡಕ, ಕಿವಿ ಮೆಷಿನ್ ಇದ್ದರೆ ಹಾಕಿಸಿ. ನೀವು ಜೊತೆಗಿರಿ, ಆದರೆ ಅವರ ಪರವಾಗಿ ಉತ್ತರಿಸಬೇಡಿ. ಗೊತ್ತಿಲ್ಲ ಅನ್ನುವುದೂ ಉತ್ತರವೇ ಅಂತ ಅತ್ತೆಗೆ ಧೈರ್ಯ ಹೇಳಿ. ಬರೆದುಕೊಂಡದ್ದನ್ನು ಕನ್ನಡದಲ್ಲಿ ಜೋರಾಗಿ ಓದಿಸಿ ಕೇಳಿಸಿಕೊಳ್ಳಲಿ. ಅದಕ್ಕೆ ಸಹಿ ಬೇಕಿಲ್ಲ. ಸಹಿ ಬೇಕಿರುವುದು ದೂರಿಗೆ, ಅದನ್ನು ಆಗಲೇ ಕೊಟ್ಟಿದ್ದೀರಲ್ಲ.