ರಸ್ತೆ ಇರುವುದು ಪೂರ್ವಕ್ಕೆ, ನಕ್ಷೆಯಲ್ಲಿ ಬಂದಿದ್ದು ಉತ್ತರಕ್ಕೆ

ಪ್ರಶ್ನೆ: ಸರ್, ಸಿವಿಲ್ ಡಿಪ್ಲೊಮಾ ಮುಗಿಸಿ ಸರ್ವೆ ಕೆಲಸಕ್ಕೆ ಸೇರಿದ್ದೇನೆ. ಒಂದು ತೋಟದ ಗಡಿಯ ಬೇರಿಂಗ್ (ಗೆರೆಯ ದಿಕ್ಕು ಹೇಳುವ ಕೋನ), ದೂರ ಎಲ್ಲವನ್ನೂ ನಕ್ಷೆ ಬರೆಯುವ ತಂತ್ರಾಂಶವಾದ ಆಟೊಕ್ಯಾಡ್‌ನಲ್ಲಿ ಹಾಕಿದೆ. ಕೊನೆಯ ಗೆರೆ ಮೊದಲ ಬಿಂದುವಿಗೇ ಬಂದು ಕೂಡಿತು, ವಿಸ್ತೀರ್ಣವೂ ಸರಿ ಇದೆ. ಆದರೆ ಪೂರ್ವಕ್ಕಿರುವ ರಸ್ತೆ ಉತ್ತರಕ್ಕೆ ಬಂದಿದೆ. ನೈಋತ್ಯ ಮೂಲೆಯ ಬಾವಿ ಮಾತ್ರ ಇರಬೇಕಾದ ಕಡೆಯೇ ಇದೆ. ಎಷ್ಟು ತಿರುಗಿಸಿದರೂ ಜಾಗಕ್ಕೆ ಹೊಂದುತ್ತಿಲ್ಲ. (ಓದುಗರು, ಹಾಸನ)

ಉತ್ತರ: ಬಾವಿಯ ವಿಷಯ ಬರೆದಿದ್ದು ತುಂಬಾ ಒಳ್ಳೆಯದಾಯಿತು, ತಪ್ಪು ಎಲ್ಲಿದೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ನಿಮ್ಮ ನಕ್ಷೆ ತಿರುಗಿಲ್ಲ, ಮಗುಚಿಕೊಂಡಿದೆ.

ಸರ್ವೆಯವರು ಉತ್ತರವನ್ನು ಸೊನ್ನೆ ಅಂತ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸುತ್ತಾರೆ. ಆಟೊಕ್ಯಾಡ್ ಹಾಗಲ್ಲ. ನಾವು ಏನೂ ಬದಲಿಸದಿದ್ದರೆ ಅದಕ್ಕೆ ಪೂರ್ವವೇ ಸೊನ್ನೆ, ಎಣಿಕೆ ಮುಳ್ಳಿಗೆ ಎದುರು. ಉದಾಹರಣೆಗೆ, ನೀವು 127 ಡಿಗ್ರಿ 15 ಮಿನಿಟ್ 30 ಸೆಕೆಂಡ್ ಅಂತ ಸುಮ್ನೆ ಟೈಪ್ ಮಾಡಿದರೆ ಆಗ್ನೇಯಕ್ಕೆ ಇಳಿಯಬೇಕಾದ ಗೆರೆ ವಾಯವ್ಯಕ್ಕೆ ಏರುತ್ತದೆ. ಎರಡೂ ಲೆಕ್ಕ ಒಂದೇ ಕಡೆ ತೋರಿಸುವುದು 45 ಮತ್ತು 225 ಡಿಗ್ರಿಯಲ್ಲಿ ಮಾತ್ರ, ಅಂದರೆ ಈಶಾನ್ಯ ಮತ್ತು ನೈಋತ್ಯ. ಅದಕ್ಕೇ ಬಾವಿ ಕದಲಿಲ್ಲ. ಉಳಿದದ್ದೆಲ್ಲ ಆ 45 ಡಿಗ್ರಿ ಗೆರೆಯ ಆಚೀಚೆ ಕನ್ನಡಿಯಲ್ಲಿ ಕಂಡ ಹಾಗೆ ಅದಲು ಬದಲಾಗಿದೆ.

ಕನ್ನಡಿಯಲ್ಲಿ ಉದ್ದವೂ ಬದಲಾಗುವುದಿಲ್ಲ, ವಿಸ್ತೀರ್ಣವೂ ಬದಲಾಗುವುದಿಲ್ಲ, ಕೂಡುವ ಆಕೃತಿ ಕೂಡಿಯೇ ಕೂಡುತ್ತದೆ ಅಲ್ವಾ? ಹಾಗಾಗಿ ಟ್ರಾವರ್ಸ್ (ಗಡಿ ಸುತ್ತಿ ಬಂದ ಗೆರೆಗಳ ಸಾಲು) ಕ್ಲೋಸ್ ಆಯ್ತು, ಎಕರೆ-ಗುಂಟೆ ಸರಿ ಬಂತು ಅನ್ನುವ ಧೈರ್ಯದಲ್ಲಿ ನಕ್ಷೆ ಕೊಟ್ಟುಬಿಡಬೇಡಿ. ಕಣ್ಣಿಗೆ ಕಾಣುವ ಎರಡು ಗುರುತು, ಒಂದು ರಸ್ತೆ, ಒಂದು ಹಳ್ಳ, ಯಾವ ಕಡೆ ಬಂದಿವೆ ಅಂತ ನೋಡಿ. ಗಡಿ ನಕ್ಷೆ ಅಂದರೆ ಇನ್ನೊಬ್ಬರ ಜಮೀನಿನ ಮಾತು, ಈ ಒಂದು ನಿಮಿಷ ಉಳಿಸಬಾರದು.

ಸರಿಪಡಿಸಲು ಎರಡು ದಾರಿ ಇವೆ. ಯುನಿಟ್ಸ್ ಕಮಾಂಡ್ ಕೊಟ್ಟು, ಕೋನದ ವಿಧದಲ್ಲಿ ಸರ್ವೇಯರ್ಸ್ ಯುನಿಟ್ಸ್ ಆರಿಸಿ, ನಿಖರತೆಯಲ್ಲಿ ಸೆಕೆಂಡ್ ತನಕ ಕಾಣುವುದನ್ನು ಹಿಡಿಯಿರಿ. ಡೈರೆಕ್ಷನ್ ಪೂರ್ವಕ್ಕೇ ಇರಲಿ, ಕ್ಲಾಕ್‌ವೈಸ್ ಟಿಕ್ ಬೇಡ. ಈಗ 127-15-30 ಅನ್ನು 180ರಿಂದ ಕಳೆದರೆ 52-44-30. ಗೆರೆ ದಕ್ಷಿಣ ಮತ್ತು ಪೂರ್ವದ ನಡುವೆ ಇರುವುದರಿಂದ, ಅದರ ಉದ್ದ 42.35 ಆದರೆ, @42.35<ಎಸ್52ಡಿ44'30"ಇ ಅಂತ ಕೊಡಬೇಕು. ಇಲ್ಲಿ ಓದಲು ಕನ್ನಡದಲ್ಲಿ ಬರೆದಿದ್ದೇನೆ, ಅಕ್ಷರಗಳನ್ನು ಇಂಗ್ಲಿಷ್‌ನಲ್ಲೇ ಒತ್ತಿ. ನಡುವೆ ಸ್ಪೇಸ್ ಬಿಡಬೇಡಿ, ಅಲ್ಲಿ ಸ್ಪೇಸ್ ಅಂದರೆ ಎಂಟರ್ ಒತ್ತಿದ ಹಾಗೆ. ವರ್ಡ್‌ನಿಂದ ನಕಲು ಮಾಡಿದ ಬಾಗಿದ ಉದ್ಧರಣ ಚಿಹ್ನೆಗಳನ್ನೂ ಅದು ಒಪ್ಪುವುದಿಲ್ಲ.

ಇನ್ನೊಂದು ದಾರಿ: ಡಿಗ್ರಿ-ಮಿನಿಟ್-ಸೆಕೆಂಡ್ ಇಟ್ಟುಕೊಂಡು, ಡೈರೆಕ್ಷನ್ ಉತ್ತರ ಮಾಡಿ, ಕ್ಲಾಕ್‌ವೈಸ್ ಟಿಕ್ ಹಾಕಿ. ಆಗ @42.35<127ಡಿ15'30" ಅಂತ ಅಳತೆ ಬರೆದ ಪುಸ್ತಕದಲ್ಲಿ ಇದ್ದ ಹಾಗೇ ಹೊಡೆಯಬಹುದು, ಕಳೆಯುವ ಕೆಲಸವಿಲ್ಲ. ಆದರೂ ನನಗೆ ಮೊದಲನೆಯದೇ ಇಷ್ಟ. ಎರಡನೆಯದರಲ್ಲಿ ಟೆಕ್ಸ್ಟ್ ತಿರುಗಿಸುವ ಕೋನವೂ ಉತ್ತರದಿಂದ ಶುರುವಾಗುತ್ತದೆ, ಆ ಸೆಟ್ಟಿಂಗ್ ಫೈಲ್‌ನೊಳಗೇ ಉಳಿದು ನಾಳೆ ಅದನ್ನು ತೆರೆದವರಿಗೆ ಗೊಂದಲ ಮಾಡುತ್ತದೆ. ಮೊದಲನೆಯದರಲ್ಲೂ ಒಂದು ಎಚ್ಚರ ಬೇಕು, ದಿಕ್ಕಿನ ಅಕ್ಷರ ಬಿಟ್ಟು ಬರೀ ಅಂಕಿ ಕೊಟ್ಟರೆ ಅದು ಮತ್ತೆ ಪೂರ್ವದಿಂದಲೇ ಎಣಿಸುತ್ತದೆ.

ಈಗಾಗಲೇ ಹಾಕಿರುವ ನಕ್ಷೆಯನ್ನು ಅಳಿಸಬೇಕಾಗಿಲ್ಲ. ಹಳೆಯ ಸೆಟ್ಟಿಂಗ್‌ನಲ್ಲೇ ಮಿರರ್ ಕಮಾಂಡ್ ಕೊಟ್ಟು, ಎಲ್ಲವನ್ನೂ ಆರಿಸಿ, ಶುರು ಮಾಡಿದ ಬಿಂದುವಿನ ಮೇಲೆ ಕ್ಲಿಕ್ ಮಾಡಿ, ಎರಡನೆಯದಕ್ಕೆ @1<45 ಕೊಡಿ, ಮೂಲವನ್ನು ಅಳಿಸು ಅನ್ನಿ. ರಸ್ತೆ ಪೂರ್ವಕ್ಕೆ ಬರುತ್ತದೆ. ಟೋಟಲ್ ಸ್ಟೇಷನ್ (ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಯಂತ್ರ) ಡೇಟಾದಲ್ಲೂ ಇದೇ ತೊಂದರೆ ಬರುವುದುಂಟು. ಅದರಲ್ಲಿ ಎಷ್ಟೋ ಸಲ ನಾರ್ದಿಂಗ್ (ಉತ್ತರಕ್ಕೆ ಎಷ್ಟು ದೂರ) ಮೊದಲು, ಈಸ್ಟಿಂಗ್ (ಪೂರ್ವಕ್ಕೆ ಎಷ್ಟು ದೂರ) ಆಮೇಲೆ ಇರುತ್ತದೆ. ಆಟೊಕ್ಯಾಡ್‌ಗೆ ಎಕ್ಸ್ ಜಾಗದಲ್ಲಿ ಬೇಕಾಗಿರುವುದು ಈಸ್ಟಿಂಗ್. ಹಾಗೇ ತುಂಬಿದರೆ ಇದೇ ಕನ್ನಡಿ ನಕ್ಷೆ.

ಪ್ರಶ್ನೆ: ಫೀಲ್ಡ್ ಬುಕ್‌ನಲ್ಲಿ 45.30 ಅಂತ ಇದೆ. ಹಾಗೇ ಹಾಕಿದರೆ ಟ್ರಾವರ್ಸ್ ಕೂಡುವುದಿಲ್ಲ. (ಓದುಗರು, ತುಮಕೂರು)

ಉತ್ತರ: ಬರೆದವರ ಮನಸ್ಸಿನಲ್ಲಿ ಇದ್ದದ್ದು 45 ಡಿಗ್ರಿ 30 ಮಿನಿಟ್. ಆಟೊಕ್ಯಾಡ್ ಓದಿಕೊಂಡಿದ್ದು ದಶಮಾಂಶ, ಅಂದರೆ 45 ಡಿಗ್ರಿ 18 ಮಿನಿಟ್. 12 ಮಿನಿಟ್ ವ್ಯತ್ಯಾಸ ಚಿಕ್ಕದು ಅನ್ನಿಸಬಹುದು, 100 ಮೀಟರ್ ದೂರಕ್ಕೆ ಅದು ಸುಮಾರು 35 ಸೆಂಟಿಮೀಟರ್. 45ಡಿ30' ಅಂತಲೇ ಕೊಡಿ. ಬುಕ್ ಬರೆಯುವವರಿಗೂ ಹೇಳಿ, ಡಿಗ್ರಿ ಮಿನಿಟ್ ನಡುವೆ ಚುಕ್ಕೆ ಬೇಡ, ಅಡ್ಡಗೆರೆ ಇರಲಿ.

ಪ್ರಶ್ನೆ: ಸರ್ವೇಯರ್ಸ್ ಯುನಿಟ್ಸ್ ಇಟ್ಟರೂ ಡೈಮೆನ್ಷನ್‌ನಲ್ಲಿ ಬೇರಿಂಗ್ ಬರುತ್ತಿಲ್ಲ. (ಓದುಗರು, ಶಿರಸಿ)

ಉತ್ತರ: ಬರುವುದಿಲ್ಲ. ಡೈಮೆನ್ಷನ್ ಸ್ಟೈಲ್‌ನ ಸೆಟ್ಟಿಂಗೇ ಬೇರೆ, ಮೇಲಾಗಿ ಅದು ತೋರಿಸುವುದು ಎರಡು ಗೆರೆಗಳ ನಡುವಿನ ಕೋನ. ಸುಮ್ನೆ ನೋಡುವುದಕ್ಕಾದರೆ ಲಿಸ್ಟ್ ಕಮಾಂಡ್ ಸಾಕು. ನಕ್ಷೆ ಮೇಲೆ ಬೇಕಿದ್ದರೆ ಟೆಕ್ಸ್ಟ್‌ನೊಳಗೆ ಫೀಲ್ಡ್ (ಗೆರೆಯಿಂದಲೇ ಅಂಕಿ ಓದಿಕೊಳ್ಳುವ ಟೆಕ್ಸ್ಟ್) ಸೇರಿಸಿ, ಗೆರೆಯನ್ನು ಆರಿಸಿ, ಆ್ಯಂಗಲ್ ಹಿಡಿದು, ಸರ್ವೇಯರ್ಸ್ ಯುನಿಟ್ಸ್ ಮಾದರಿ ಕೊಡಿ. ಗೆರೆ ಬದಲಾದರೆ ರೀಜನರೇಟ್ (ನಕ್ಷೆಯನ್ನು ಮತ್ತೆ ಮೂಡಿಸುವ ಕಮಾಂಡ್) ಮಾಡಿದಾಗ ಅಂಕಿಯೂ ಬದಲಾಗುತ್ತದೆ. ಕೈಯಲ್ಲಿ ಟೈಪ್ ಮಾಡಿದ್ದು ಹಾಗಲ್ಲ.

ಪ್ರಶ್ನೆ: ನಮ್ಮ ಜಮೀನಿನ ಹಳೆಯ ಟಿಪ್ಪಣಿ (ಸರ್ವೆ ಇಲಾಖೆಯ ಅಳತೆ ನಕ್ಷೆ) ನಕಲು ಇದೆ. ಅದರಲ್ಲಿ ಬೇರಿಂಗೇ ಇಲ್ಲ. ಕ್ಯಾಡ್‌ಗೆ ತರುವುದು ಹೇಗೆ? (ಓದುಗರು, ಹಾವೇರಿ)

ಉತ್ತರ: ಅದನ್ನು ಅಳೆದದ್ದು ಸರಪಳಿಯಲ್ಲಿ, ದಿಕ್ಸೂಚಿಯಲ್ಲಿ ಅಲ್ಲ. ನಡುವೆ ಒಂದು ಬೇಸ್ ಲೈನ್, ಅದರ ಎಡಬಲಕ್ಕೆ ಲಂಬವಾಗಿ ಆಫ್‌ಸೆಟ್. ಆದ್ದರಿಂದ ಬೇಸ್ ಲೈನನ್ನು ಸದ್ಯಕ್ಕೆ ಅಡ್ಡವಾಗಿ ಎಳೆದುಕೊಂಡು, ಅಳತೆ ಗುರುತು ಹಾಕಿ, ಆಫ್‌ಸೆಟ್‌ಗಳನ್ನು ಎತ್ತಿ, ತುದಿಗಳನ್ನು ಸೇರಿಸಿ. ಅಳತೆ ಯಾವ ಮಾನದಲ್ಲಿದೆ ಅನ್ನುವುದನ್ನು ವಿಸ್ತೀರ್ಣದಿಂದ ತಾಳೆ ನೋಡಿ. 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಲೆಕ್ಕ ಸರ್ವೆ ನಂಬರಿನ ವಿಸ್ತೀರ್ಣ ಬರೆದ ದಾಖಲೆಯಾದ ಆಕಾರಬಂದ್‌ಗೆ ಹತ್ತಿರ ಬರಬೇಕು.

ಉತ್ತರ ದಿಕ್ಕನ್ನು ಊಹಿಸಬೇಡಿ. ಜಮೀನಿನಲ್ಲಿ ಉಳಿದಿರುವ ಎರಡು ಗಡಿ ಕಲ್ಲುಗಳನ್ನು ಟೋಟಲ್ ಸ್ಟೇಷನ್‌ನಿಂದಲೋ ಉಪಗ್ರಹ ಸಂಕೇತದಿಂದ ಜಾಗ ಅಳೆಯುವ ರೋವರ್‌ನಿಂದಲೋ ಅಳೆಸಿ, ಅಲೈನ್ ಕಮಾಂಡ್‌ನಲ್ಲಿ ಆ ಎರಡು ಬಿಂದುಗಳಿಗೆ ನಕ್ಷೆಯನ್ನು ಕೂರಿಸಿ. ಕೊನೆಗೆ ಸ್ಕೇಲ್ ಮಾಡಲೇ ಅಂತ ಅದು ಕೇಳುತ್ತದೆ. ಬೇಡ ಅನ್ನಿ. ಮಾಡಿದರೆ ಎರಡನೆಯ ಕಲ್ಲೂ ಚೆನ್ನಾಗಿ ಕೂರುತ್ತದೆ, ಆದರೆ ಟಿಪ್ಪಣಿಯ ಅಳತೆಗಳೆಲ್ಲ ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ, ಕಲ್ಲು ಸರಿದಿದೆಯೋ ಇಲ್ಲವೋ ಅನ್ನುವುದು ಅಲ್ಲೇ ಮುಚ್ಚಿಹೋಗುತ್ತದೆ.