ಡಿಪ್ರೆಶನ್ ಆದಮೇಲೆ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಬಂದಿದ್ದರೆ

ಡಿಪ್ರೆಶನ್‌ನಲ್ಲಿದ್ದಾಗ ಕಾರ್ಡ್ ಸಾಲ ಕಟ್ಟಲಾಗದೆ ಕಡಿಮೆ ಹಣಕ್ಕೆ ಸೆಟಲ್ ಮಾಡಿದ್ದೀರಿ. ನಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್ ಸಂಸ್ಥೆಯ ವರದಿಯಲ್ಲಿ ಅದು 'ಸೆಟಲ್ಡ್', ಅಂದರೆ ಪೂರ್ತಿ ಕಟ್ಟಿಲ್ಲ, ಅಂತ ಬಂದಿದೆ. ಡಾಕ್ಟರ್ ಚೀಟಿ ತೋರಿಸಿದರೆ ಸಿಬಿಲ್ ಸರಿಯಾಗುತ್ತಾ ಅಂತ ಕೇಳಿದ್ದೀರಿ. ಬರೀ ಚೀಟಿಯಿಂದ ಆಗುವುದಿಲ್ಲ. ಬ್ಯಾಂಕ್ ಹೇಳದೆ ಸಿಬಿಲ್‌ನವರು ದಾಖಲೆ ಬದಲಿಸುವುದಿಲ್ಲ.

ನನಗೂ ಹೀಗೇ ಆಗಿತ್ತು. ಒಬ್ಬಳೇ ಹೋಗಲು ಧೈರ್ಯವಿರಲಿಲ್ಲ, ಅಕ್ಕನ ಜೊತೆ ತುಮಕೂರಿನ ಶಾಖೆಗೆ ಹೋದೆ. ಸೆಟಲ್ ಮಾಡಿದಾಗ ಕಟ್ಟದೆ ಬಿಟ್ಟ ಉಳಿಕೆ ಎಷ್ಟು ಅಂತ ಬರೆಸಿಕೊಂಡು, ಕಟ್ಟಿ, ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಪತ್ರ ತೆಗೆದುಕೊಂಡೆ. ಆಮೇಲೆ ಸಿಬಿಲ್‌ನಲ್ಲಿ 'ಕ್ಲೋಸ್ಡ್' ಅಂತ ಬಂತು. ತಡವಾಗಿ ಕಟ್ಟಿದ ತಿಂಗಳುಗಳು ಮಾತ್ರ ಹಾಗೇ ಉಳಿದಿವೆ.

ವರ್ಷಕ್ಕೊಮ್ಮೆ ಪೂರ್ತಿ ಸಿಬಿಲ್ ವರದಿ ಉಚಿತ. ಅದರಲ್ಲಿ ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಸ್ಕೋರ್ ಏರಿಸುತ್ತೇವೆ ಅನ್ನುವ ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಸಾಲದ ಚಿಂತೆಯಲ್ಲಿ ಮಾತ್ರೆ ಬಿಡಬೇಡಿ, ದಯವಿಟ್ಟು. ರಾತ್ರಿ ತುಂಬಾ ಭಾರ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.